ಪುಷ್ಪವರ್ಣವೂ ಸಸ್ಯರಕ್ಷೆಯೂ: ಒಂದು ಕಿಣ್ವಶೋಧನೆಯ ಇತಿಹಾಸ

೧. ವಿಷಯಪ್ರವೇಶ

ಹೂವಿನ ಬಣ್ಣವು ಕವಿಗಳಿಗೆ ವರ್ಣನಾವಸ್ತುವಾಗಿಯೂ, ಬಣ್ಣಗಾರರಿಗೆ ಜೀವನೋಪಾಯವಾಗಿಯೂ, ತೋಟಗಾರರಿಗೆ ತಳಿಯ ಗುರುತಾಗಿಯೂ ಬಹುಕಾಲದಿಂದ ಪರಿಚಿತವಾದುದು. ಗಿಡವು ಬೂಷ್ಟು, ಹುಳು, ಬಿಸಿಲಿನ ಉಗ್ರತೆ ಮೊದಲಾದ ಬಾಧೆಗಳಿಂದ ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆಂಬುದು ಇದಕ್ಕೆ ಸಂಬಂಧವಿಲ್ಲದ ಬೇರೊಂದು ಪ್ರಶ್ನೆಯೆಂದೇ ದೀರ್ಘಕಾಲ ಎಣಿಸಲ್ಪಟ್ಟಿತ್ತು. ಈಗಲಾದರೋ ಈ ಎರಡು ಪ್ರಶ್ನೆಗಳೂ ಒಂದೇ ಮೂಲದಿಂದ ಹೊರಟವೆಂಬುದು ಸಿದ್ಧವಾಗಿದೆ. ಹೂವಿನ ಕೆಂಪು ನೀಲಿಗಳನ್ನು ಕಟ್ಟುವ ಕಿಣ್ವಗಳೂ, ಬಟಾಣಿಯ ಕಾಯಿ ಬೂಷ್ಟನ್ನು ತಡೆಯುವುದಕ್ಕಾಗಿ ತಯಾರಿಸುವ ದ್ರವ್ಯವನ್ನು ಕಟ್ಟುವ ಕಿಣ್ವಗಳೂ ಒಂದೇ ಮನೆತನಕ್ಕೆ ಸೇರಿದವು. ಆ ಮನೆತನದ ದ್ರವ್ಯಗಳಿಗೆ ಫ್ಲೇವನಾಯ್ಡುಗಳೆಂದು ಹೆಸರು.

ಈ ಜ್ಞಾನವು ಬಂದ ಬಗೆಯನ್ನು ಹೇಳುವಾಗ ಸಾಮಾನ್ಯವಾಗಿ ಎರಡು ಘಟನೆಗಳನ್ನು ಎತ್ತಿಹೇಳುವುದು ರೂಢಿ. ೧೯೧೩ರಲ್ಲಿ ವಿಲ್‌ಷ್ಟೆಟರ್ ಅವರು ಹೂವಿನ ವರ್ಣದ್ರವ್ಯದ ಸ್ವರೂಪವನ್ನು ಬಿಡಿಸಿದುದು ಒಂದು. ೧೯೪೧ರಲ್ಲಿ ಬೀಡಲ್ ಮತ್ತು ಟೇಟಮ್ ಅವರು ಜೀನುಗಳು ಕಿಣ್ವಗಳ ಮುಖಾಂತರ ಕೆಲಸಮಾಡುತ್ತವೆಂದು ತೋರಿಸಿದುದು ಇನ್ನೊಂದು. ಇವೆರಡೂ ಮಹತ್ಕಾರ್ಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳ ನಡುವೆ, ೧೯೦೭ರಿಂದ ೧೯೧೬ರವರೆಗೆ ಕೇಂಬ್ರಿಜ್ಜಿನಲ್ಲಿ ಮ್ಯೂರಿಯಲ್ ವೆಲ್ಡೇಲ್ ಎಂಬ ವಿದುಷಿಯವರು ಎತ್ತಿದ ಪ್ರಶ್ನೆಯು ಮರೆಗೆ ಬಿದ್ದಿದೆ. ಅವರು ಕೊಟ್ಟ ಉತ್ತರವು ಅವರ ಕಾಲದಲ್ಲಿಯೇ ಖಂಡಿತವಾಯಿತು. ಉತ್ತರದೊಡನೆ ಪ್ರಶ್ನೆಯ ಕೀರ್ತಿಯೂ ಮಸುಳಿತು. ಆದರೆ ಮುಂದಿನ ಶೋಧನೆಯ ಹಾದಿಯನ್ನು ಕ್ರಮವಾಗಿ ನೋಡಿದರೆ, ಪ್ರಶ್ನೆಯನ್ನು ಸರಿಯಾದ ರೂಪದಲ್ಲಿ ಮೊದಲು ಇಟ್ಟವರು ಅವರೇ ಎಂದೂ, ಖಂಡಿತವಾದ ಉತ್ತರದಲ್ಲಿಯೂ ಅರ್ಧ ಸತ್ಯವಿತ್ತೆಂದೂ ವಿದಿತವಾಗುತ್ತದೆ. ಈ ಕ್ರಮವನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

೨. ಪರಿಭಾಷೆ

ಕಿಣ್ವವೆಂಬುದು ನಮ್ಮ ದೇಶದ ಹಳೆಯ ಮಾತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ಈ ಹೆಸರಿದೆ. ಬಿಡಿಬಿಡಿಯಾಗಿ ಅಮಲಿಲ್ಲದ ಪದಾರ್ಥಗಳು ಕಿಣ್ವದ ಸಂಯೋಗದಿಂದ ಮದಶಕ್ತಿಯನ್ನು ಪಡೆಯುವಂತೆ ಭೂತಗಳ ಸಂಯೋಗದಿಂದ ಚೈತನ್ಯವು ಹುಟ್ಟುತ್ತದೆಂಬುದು ಚಾರ್ವಾಕರ ಪ್ರಸಿದ್ಧವಾದ ದೃಷ್ಟಾಂತ. ಆಧುನಿಕ ಶಾಸ್ತ್ರವು ಈ ಮಾತಿಗೆ ಹೆಚ್ಚು ನಿಷ್ಕೃಷ್ಟವಾದ ಅರ್ಥವನ್ನು ಕೊಟ್ಟಿದೆ. ಜೀವಕೋಶದಲ್ಲಿ ಒಂದು ದ್ರವ್ಯವು ಇನ್ನೊಂದಾಗಿ ಮಾರ್ಪಡುವುದನ್ನು ತ್ವರೆಗೊಳಿಸಿ, ತಾನು ಮಾತ್ರ ವ್ಯಯವಾಗದೆ ಉಳಿಯುವ ವಸ್ತುವೇ ಕಿಣ್ವ. ಕಿಣ್ವಗಳು ಪ್ರಾಯಶಃ ಎಲ್ಲವೂ ಪ್ರೋಟೀನುಗಳು. ಒಂದೊಂದು ಮಾರ್ಪಾಟಿಗೆ ಒಂದೊಂದು ಕಿಣ್ವವಿರುವುದು ಸಾಮಾನ್ಯ ನಿಯಮ.

ಫ್ಲೇವನಾಯ್ಡ್ ಎಂಬ ಹೆಸರು ಹಳದಿ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿತು. ಈ ಕುಲದ ಅಣುಗಳ ಹಂದರದಲ್ಲಿ ೧೫ ಇಂಗಾಲದ ಪರಮಾಣುಗಳಿರುತ್ತವೆ: ಆರಾರು ಪರಮಾಣುಗಳ ಎರಡು ಬಳೆಗಳು, ಅವನ್ನು ಸೇರಿಸುವ ಮೂರು ಪರಮಾಣುಗಳ ಕೊಂಡಿ. ಆ ಕೊಂಡಿಯು ತೆರೆದಿದ್ದರೆ ಚಾಲ್ಕೋನ್. ಅದು ಮುಚ್ಚಿ ಮೂರನೆಯ ಬಳೆಯಾಗಿ, ಅನಂತರ ಬೇರೆಬೇರೆ ಬದಲಾವಣೆಗಳನ್ನು ಹೊಂದಿದರೆ ಫ್ಲೇವೋನ್, ಫ್ಲೇವೊನಾಲ್, ಆಂಥೊಸಯನಿನ್, ಐಸೊಫ್ಲೇವೋನ್ ಮುಂತಾದ ಶಾಖೆಗಳಾಗುತ್ತವೆ. ಆಂಥೊಸಯನಿನ್ ಎಂಬುದರ ಮೂಲಪದವನ್ನು ೧೮೩೫ರಲ್ಲಿ ಮಾರ್ಕ್ವಾರ್ಟ್ ಎಂಬ ಜರ್ಮನ್ ಪಂಡಿತನು ಹೂವು, ನೀಲಿ ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ರಚಿಸಿದನು. ಚಾಲ್ಕೋನ್ ಎಂಬುದು ತಾಮ್ರ ಎಂಬರ್ಥದ ಗ್ರೀಕ್ ಶಬ್ದದಿಂದ ಹುಟ್ಟಿದುದು.

ಈ ದ್ರವ್ಯಗಳು ಕನ್ನಡಿಗರಿಗೆ ಹೆಸರಿನಿಂದ ಹೊಸವಾದರೂ ಅನುಭವದಿಂದ ಹೊಸವಲ್ಲ. ಮುತ್ತುಗದ ಹೂವಿನಿಂದ ಇಳಿಸುವ ಕಿತ್ತಳೆ ಬಣ್ಣವು ಬ್ಯೂಟೀನ್ ಎಂಬ ಚಾಲ್ಕೋನಿನದು. ಎಳೆಯ ಅಡಕೆಯನ್ನು ಬೇಯಿಸಿ ಮಲೆನಾಡಿನವರು ಪಡೆಯುವ ಚೊಗರು ಈ ಕುಲದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಆದ ಟ್ಯಾನಿನ್. ನಾಲಗೆಗೆ ತೋರುವ ಒಗರು ಈ ಟ್ಯಾನಿನ್ನು ಜೊಲ್ಲಿನ ಪ್ರೋಟೀನುಗಳನ್ನು ಹಿಡಿದುಕೊಳ್ಳುವುದರಿಂದ ಆಗುವ ಅನುಭವ. ಅಡಕೆಯ ಈ ದ್ರವ್ಯಗಳನ್ನು ಕುರಿತ ವ್ಯವಸ್ಥಿತವಾದ ಪರೀಕ್ಷೆಯೊಂದು ೧೯೬೪ರಲ್ಲಿ ಮೈಸೂರಿನ ಕೇಂದ್ರ ಆಹಾರ ಸಂಶೋಧನಾಲಯದಿಂದಲೇ ಪ್ರಕಟವಾಯಿತು.

೩. ಬಣ್ಣಗಾರರೂ ರಸಾಯನಜ್ಞರೂ

ಹೂವಿನ ಬಣ್ಣದ ರಾಸಾಯನಿಕ ಪರೀಕ್ಷೆಯು ರಾಬರ್ಟ್ ಬಾಯಿಲನಿಂದ ಮೊದಲಾಯಿತೆನ್ನಬಹುದು. ನೇರಿಳೆ ಬಣ್ಣದ ವಯೊಲೆಟ್ ಹೂವಿನ ಪಾನಕವು ಹುಳಿಯಿಂದ ಕೆಂಪಾಗುವುದನ್ನೂ ಕ್ಷಾರದಿಂದ ಹಸಿರಾಗುವುದನ್ನೂ ಆತನು ೧೬೬೪ರಲ್ಲಿ ಪ್ರಕಟಿಸಿದನು. ಆದರೆ ಮುಂದೆ ಬಹುಕಾಲ ರಸಾಯನಜ್ಞರ ದೃಷ್ಟಿಯು ಹೂವಿಗಿಂತ ಹೆಚ್ಚಾಗಿ ಬಟ್ಟೆಯ ಮೇಲಿದ್ದಿತು. ಐರೋಪ್ಯ ಬಣ್ಣಗಾರರು ಹಳದಿಗಾಗಿ ವೆಲ್ಡ್ ಎಂಬ ಗಿಡವನ್ನು ಬೆಳೆಸುತ್ತಿದ್ದರು. ಪ್ಯಾರಿಸಿನ ಗೊಬ್ಲೆ ಕಾರ್ಖಾನೆಯ ರಂಜನಶಾಲೆಗೆ ಅಧಿಕಾರಿಯಾಗಿದ್ದ ಶೆವ್ರಲನು ಆ ಗಿಡದಿಂದ ಲೂಟಿಯೊಲಿನ್ ಎಂಬ ವರ್ಣದ್ರವ್ಯವನ್ನು ಬೇರ್ಪಡಿಸಿದನು. ೧೯ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಎ. ಜಿ. ಪರ್ಕಿನ್ ಅವರು ಹತ್ತಿಯ ಹೂವು, ಮುತ್ತುಗದ ಹೂವು ಮೊದಲಾದ ಭಾರತದ ಬಣ್ಣದ ಸಾಮಗ್ರಿಗಳನ್ನು ತರಿಸಿಕೊಂಡು ಅವುಗಳ ಸಾರವನ್ನು ಪರಿಶೀಲಿಸಿದರು. ಅದೇ ಕಾಲದಲ್ಲಿ ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಕೊಸ್ತಾನೆಟ್ಸ್ಕಿ ಅವರು ಈ ಹಳದಿ ದ್ರವ್ಯಗಳ ಹಂದರವನ್ನು ನಿರ್ಣಯಿಸಿ, ಪ್ರಯೋಗಶಾಲೆಯಲ್ಲಿಯೇ ಅವನ್ನು ರಚಿಸಿ ತೋರಿಸಿದರು.

ಕೆಂಪು ನೀಲಿಗಳ ಸಮಸ್ಯೆಯು ಇನ್ನೂ ಕಠಿನವಾಗಿದ್ದಿತು. ಆ ದ್ರವ್ಯಗಳು ಸೂಕ್ಷ್ಮವಾದವು, ಬೇಗನೆ ಕೆಡತಕ್ಕವು. ೧೯೧೩ರಲ್ಲಿ ವಿಲ್‌ಷ್ಟೆಟರ್ ಮತ್ತು ಅವರ ಸಹಾಯಕರಾದ ಎವರೆಸ್ಟ್ ಅವರು ಕಾರ್ನ್‌ಫ್ಲವರ್ ಎಂಬ ನೀಲಿ ಹೂವಿನಿಂದ ಸಯನಿಡಿನ್ ಎಂಬುದನ್ನು ಶುದ್ಧರೂಪದಲ್ಲಿ ಪಡೆದರು. ಅನಂತರ ಕೆಂಪು ಗುಲಾಬಿಯಲ್ಲಿರುವುದೂ ಅದೇ ದ್ರವ್ಯವೆಂದು ಕಂಡುಬಂದಿತು. ಒಂದೇ ದ್ರವ್ಯವು ಒಂದು ಹೂವಿನಲ್ಲಿ ನೀಲಿಯಾಗಿಯೂ ಇನ್ನೊಂದರಲ್ಲಿ ಕೆಂಪಾಗಿಯೂ ಕಾಣುವುದು ಕೋಶರಸದ ಹುಳಿಯ ಭೇದದಿಂದೆಂದು ವಿಲ್‌ಷ್ಟೆಟರ್ ಅವರು ಊಹಿಸಿದರು. ಈ ಊಹೆ ಪೂರ್ಣವಾಗಿ ನಿಲ್ಲಲಿಲ್ಲ. ಲೋಹಸಂಯೋಗವೇ ನೀಲಿಗೆ ಕಾರಣವೆಂದು ೧೯೧೯ರಲ್ಲಿ ಜಪಾನಿನ ಷಿಬಾತಾ ಸಹೋದರರು ವಾದಿಸಿದರು. ಕಾರ್ನ್‌ಫ್ಲವರಿನ ನೀಲಿಯು ಆರು ಆಂಥೊಸಯನಿನ್ ಅಣುಗಳೂ ಆರು ಫ್ಲೇವೋನ್ ಅಣುಗಳೂ ಕಬ್ಬಿಣ, ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಸುತ್ತ ಜೋಡಿಸಿಕೊಂಡ ಒಂದು ಕಟ್ಟಡವೆಂದು ೨೦೦೫ರಲ್ಲಿ ಜಪಾನಿನ ವಿದ್ವಾಂಸರೇ ಸ್ಫಟಿಕಪರೀಕ್ಷೆಯಿಂದ ನಿರ್ಧರಿಸಿದರು.

ಈ ರಸಾಯನಶಾಸ್ತ್ರಕ್ಕೆ ಭಾರತೀಯರಿಂದ ಸಂದ ಕಾಣಿಕೆಯೂ ಗಣನೀಯವಾದುದು. ಫ್ಲೇವೋನುಗಳನ್ನು ರಚಿಸುವ ಒಂದು ಮುಖ್ಯ ವಿಧಾನವು ವಿಲ್ಸನ್ ಬೇಕರ್ ಅವರ ಹೆಸರಿನೊಡನೆ ಕೆ. ವೆಂಕಟರಾಮನ್ ಅವರ ಹೆಸರನ್ನೂ ಧರಿಸಿದೆ. ಮ್ಯಾಂಚೆಸ್ಟರಿನಲ್ಲಿ ರಾಬರ್ಟ್ ರಾಬಿನ್ಸನ್ ಅವರಲ್ಲಿ ಶಿಕ್ಷಣ ಪಡೆದು ಬಂದ ಟಿ. ಆರ್. ಶೇಷಾದ್ರಿಯವರು ಮೊದಲು ಆಂಧ್ರ ವಿಶ್ವವಿದ್ಯಾನಿಲಯದಲ್ಲಿಯೂ ೧೯೪೯ರಿಂದ ದೆಹಲಿಯಲ್ಲಿಯೂ ಹತ್ತಿಯ ಹೂವು, ಮುತ್ತುಗ ಮೊದಲಾದವುಗಳ ವರ್ಣದ್ರವ್ಯಗಳನ್ನು ಶೋಧಿಸಿ ಒಂದು ಶಿಷ್ಯಪರಂಪರೆಯನ್ನೇ ಬೆಳೆಸಿದರು. ಆದರೆ ಪರ್ಕಿನ್, ವಿಲ್‌ಷ್ಟೆಟರ್ ಮೊದಲಾದವರ ಕಾರ್ಯವೆಲ್ಲ ಮುಖ್ಯವಾಗಿ ಒಂದೇ ಪ್ರಶ್ನೆಯನ್ನು ಕುರಿತದ್ದು: ಬಣ್ಣವೆಂಬುದು ಯಾವ ದ್ರವ್ಯ? ಆ ದ್ರವ್ಯವನ್ನು ಗಿಡವು ಹೇಗೆ ಕಟ್ಟುತ್ತದೆ, ಒಂದು ಗಿಡ ಕಟ್ಟುವುದನ್ನು ಇನ್ನೊಂದು ಗಿಡ ಏಕೆ ಕಟ್ಟದು ಎಂಬುದು ಬೇರೆ ಪ್ರಶ್ನೆ.

೪. ವೆಲ್ಡೇಲರ ಪ್ರಶ್ನೆ

ಆ ಎರಡನೆಯ ಪ್ರಶ್ನೆಯು ಹುಟ್ಟಿದುದು ತೋಟದಲ್ಲಿ. ಮೆಂಡೆಲನು ೧೮೬೬ರಲ್ಲಿ ಪ್ರಕಟಿಸಿದ ಬಟಾಣಿಯ ನಿಯಮಗಳು ೧೯೦೦ರಲ್ಲಿ ಪುನಃ ಬೆಳಕಿಗೆ ಬಂದಮೇಲೆ, ಕೇಂಬ್ರಿಜ್ಜಿನಲ್ಲಿ ಬೇಟ್ಸನ್ ಅವರ ಸುತ್ತಲೂ ಆ ನಿಯಮಗಳನ್ನು ಪರೀಕ್ಷಿಸುವ ಒಂದು ಮಂಡಲಿಯು ಸೇರಿತು. ಅದರಲ್ಲಿ ನ್ಯೂನಂ ಮಹಿಳಾ ಕಾಲೇಜಿನ ವಿದುಷಿಯರು ಅನೇಕರಿದ್ದರು. ೧೮೮೦ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜನಿಸಿದ ವೆಲ್ಡೇಲ್ ಅವರು ೧೯೦೩ರಲ್ಲಿ ಈ ಮಂಡಲಿಗೆ ಸೇರಿ, ಸ್ನ್ಯಾಪ್‌ಡ್ರಾಗನ್ ಎಂಬ ತೋಟದ ಹೂಗಿಡವನ್ನು ಆರಿಸಿಕೊಂಡರು. ಆ ಹೂವಿನಲ್ಲಿ ಅಚ್ಚ ಬಿಳುಪು, ದಂತದ ಬಿಳುಪು, ಹಳದಿ, ಕೆಂಪು ಮುಂತಾದ ಬಗೆಗಳುಂಟು. ಇವನ್ನು ಪರಸ್ಪರ ಕೂಡಿಸಿ, ಸಂತತಿಯನ್ನು ಎಣಿಸಿ, ಕೆಲವೇ ಗುಣಕಾರಕಗಳಿಂದ ಈ ವೈವಿಧ್ಯವನ್ನೆಲ್ಲ ವಿವರಿಸಬಹುದೆಂದು ಅವರು ೧೯೦೭ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ತೋರಿಸಿದರು.

ಇಷ್ಟನ್ನು ಇತರರೂ ಮಾಡುತ್ತಿದ್ದರು. ವೆಲ್ಡೇಲ್ ಅವರ ವಿಶೇಷವಿರುವುದು ಮುಂದಿನ ಹೆಜ್ಜೆಯಲ್ಲಿ. ಎಣಿಕೆಯಿಂದ ತಿಳಿಯುವ ಗುಣಕಾರಕವು ಗಿಡದೊಳಗೆ ಮಾಡುವ ಕೆಲಸವೇನು? ದಂತವರ್ಣದ ಹೂವಿಗೂ ಕೆಂಪು ಹೂವಿಗೂ ಇರುವ ಒಂದು ಗುಣಕಾರಕದ ಭೇದವು ಯಾವ ರಾಸಾಯನಿಕ ಕ್ರಿಯೆಯ ಭೇದ? ಇದನ್ನು ತಿಳಿಯುವುದಕ್ಕಾಗಿ ಅವರು ಹೂಗಳನ್ನು ತೋಟದಿಂದ ಪ್ರಯೋಗಶಾಲೆಗೆ ಒಯ್ದರು. ದಂತವರ್ಣದ ಹೂವಿನಲ್ಲಿ ಎಪಿಜೆನಿನ್ ಎಂಬ ಫ್ಲೇವೋನ್ ಇದೆಯೆಂದು ಬ್ಯಾಸೆಟ್ ಅವರೊಡನೆ ಕೂಡಿ ತೋರಿಸಿದರು. ಬಣ್ಣವಿಲ್ಲದ ಇಲ್ಲವೆ ಮಾಸಲಾದ ಒಂದು ಮೂಲದ್ರವ್ಯವು ಕಿಣ್ವದ ಸಹಾಯದಿಂದ ಉತ್ಕರ್ಷಣವನ್ನು ಹೊಂದಿ, ಎಂದರೆ ಆಮ್ಲಜನಕದ ವ್ಯಾಪಾರಕ್ಕೆ ಒಳಗಾಗಿ, ಆಂಥೊಸಯನಿನ್ ಆಗುತ್ತದೆಂದೂ, ಗುಣಕಾರಕಗಳು ಆ ಮೂಲದ್ರವ್ಯದ ಮತ್ತು ಕಿಣ್ವದ ಇರವು ಇಲ್ಲದಿರವುಗಳನ್ನು ನಿಯಮಿಸುತ್ತವೆಂದೂ ಅವರ ಸಿದ್ಧಾಂತ. ಅಚ್ಚ ಬಿಳಿಯ ಹೂವಿನಲ್ಲಿ ಮೂಲದ್ರವ್ಯವೇ ಇಲ್ಲವೆಂಬುದು ಅದರ ಒಂದು ಫಲಿತಾಂಶ.

ಈ ಸಿದ್ಧಾಂತದ ಮೇಲೆ ಬೇಗನೆ ಪೆಟ್ಟು ಬಿದ್ದಿತು. ೧೯೧೪ರಲ್ಲಿ ಎವರೆಸ್ಟ್ ಅವರೂ ವಿಲ್‌ಷ್ಟೆಟರ್ ಅವರ ಪಕ್ಷದವರೂ ಫ್ಲೇವೊನಾಲುಗಳಿಂದ ಆಂಥೊಸಯನಿನ್ ಜಾತಿಯ ದ್ರವ್ಯಗಳನ್ನು ಪ್ರಯೋಗಶಾಲೆಯಲ್ಲಿ ಪಡೆದರು; ಹಾಗೆ ಪಡೆದುದು ಉತ್ಕರ್ಷಣದಿಂದಲ್ಲ, ಅದಕ್ಕೆ ವಿಪರೀತವಾದ ಅಪಕರ್ಷಣದಿಂದ. ಸೀಸೆಯಲ್ಲಿ ಕಣ್ಣಿಗೆ ಕಂಡ ಪ್ರಮಾಣದ ಮುಂದೆ ತೋಟದ ಅನುಮಾನವು ನಿಲ್ಲಲಿಲ್ಲ. ವೆಲ್ಡೇಲ್ ಅವರು ೧೯೧೬ರಲ್ಲಿ ಆಂಥೊಸಯನಿನ್ನುಗಳನ್ನು ಕುರಿತು ಪ್ರಕಟಿಸಿದ ಗ್ರಂಥದಲ್ಲಿ ಅಂದಿನವರೆಗಿನ ಜ್ಞಾನವನ್ನೆಲ್ಲ ಸಂಗ್ರಹಿಸಿದರು. ೧೯೨೫ರಲ್ಲಿ ಅದರ ಎರಡನೆಯ ಮುದ್ರಣವೂ ಬಂದಿತು. ೧೯೩೨ರಲ್ಲಿ ಅವರು ತೀರಿಕೊಂಡಾಗ ಅವರ ಉತ್ಕರ್ಷಣವಾದವನ್ನು ಸಮರ್ಥಿಸುವವರು ಬಹುಮಟ್ಟಿಗೆ ಇರಲಿಲ್ಲ. ಅವರು ವ್ಯಾಸಂಗಮಾಡಿ ಮುಂದೆ ಉಪನ್ಯಾಸಕರೂ ಆಗಿದ್ದ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಗಳನ್ನು ಕೊಡತೊಡಗಿದುದು ೧೯೪೮ರಲ್ಲಿ ಎಂಬುದನ್ನೂ ಇಲ್ಲಿ ಸ್ಮರಿಸಬೇಕು.

ಉತ್ತರವು ಹೋದರೂ ಪ್ರಶ್ನೆಯು ಸಾಯಲಿಲ್ಲ. ೧೯೨೯ರ ಸುಮಾರಿನಿಂದ ರೋಸ್ ಸ್ಕಾಟ್-ಮಾಂಕ್ರೀಫ್ ಅವರು ಹಾಲ್ಡೇನ್ ಅವರ ಪ್ರೇರಣೆಯಿಂದಲೂ ರಾಬಿನ್ಸನ್ ಅವರ ರಸಾಯನಸಹಾಯದಿಂದಲೂ ಅನೇಕ ಹೂಗಳನ್ನು ಪರೀಕ್ಷಿಸಿ, ಜೀನಿನ ಒಂದೊಂದು ಭೇದವು ವರ್ಣದ್ರವ್ಯದ ಒಂದೊಂದು ನಿರ್ದಿಷ್ಟವಾದ ರಾಸಾಯನಿಕ ಭೇದಕ್ಕೆ ಸರಿಹೊಂದುತ್ತದೆಂದು ೧೯೩೬ರಲ್ಲಿ ಪ್ರತಿಪಾದಿಸಿದರು. ಹಾಲ್ಡೇನ್ ಅವರು ೧೯೫೭ರಲ್ಲಿ ಭಾರತಕ್ಕೆ ಬಂದು ನೆಲಸಿದುದು ಸರ್ವವಿದಿತ. ಹೀಗಾಗಿ ೧೯೪೧ರಲ್ಲಿ ಬೀಡಲ್ ಮತ್ತು ಟೇಟಮ್ ಅವರು ರೊಟ್ಟಿಯ ಮೇಲೆ ಬೆಳೆಯುವ ಒಂದು ಬೂಷ್ಟಿನಲ್ಲಿ ಸ್ಥಾಪಿಸಿದ ತತ್ತ್ವಕ್ಕೆ ಹೂಗಳ ತೋಟದಲ್ಲಿ ಮೂರು ದಶಕಗಳ ಪೂರ್ವರಂಗವಿದ್ದಿತು. ಮನುಷ್ಯರೋಗಗಳಲ್ಲಿ ಇದೇ ತತ್ತ್ವವನ್ನು ಮೊದಲೇ ಕಂಡ ವೈದ್ಯರಾದ ಗ್ಯಾರಡ್ ಅವರಿಗೆ ಈಗ ಸಲ್ಲುತ್ತಿರುವ ಗೌರವದಲ್ಲಿ ವೆಲ್ಡೇಲ್ ಅವರಿಗೂ ಪಾಲುಂಟೆನ್ನುವುದು ನ್ಯಾಯ.

೫. ರಕ್ಷೆಯ ಪ್ರಶ್ನೆ

ಇತ್ತ ಬೇರೊಂದು ಕಡೆ ಈ ದ್ರವ್ಯಗಳ ಪ್ರಯೋಜನವೇನೆಂಬ ವಿವಾದವು ನಡೆದಿದ್ದಿತು. ೧೮೮೮ರಲ್ಲಿ ಯೇನಾ ನಗರದ ಷ್ಟಾಲ್ ಅವರು ಬಸವನಹುಳುಗಳ ಮೇಲೆ ಪ್ರಯೋಗಗಳನ್ನು ಮಾಡಿದರು. ಹುಳುಗಳು ತಾಜಾ ಎಲೆಯನ್ನು ಮುಟ್ಟುತ್ತಿರಲಿಲ್ಲ. ಅದೇ ಎಲೆಯ ಒಗರು ಕಹಿಗಳನ್ನು ಮದ್ಯಸಾರದಿಂದ ತೊಳೆದುಹಾಕಿದರೆ ತಿನ್ನುತ್ತಿದ್ದವು. ಆದುದರಿಂದ ಟ್ಯಾನಿನ್ ಮುಂತಾದವು ಗಿಡದ ಕವಚವೆಂದು ಷ್ಟಾಲ್ ಅವರ ನಿರ್ಣಯ. ಆದರೆ ೧೮೯೧ರಲ್ಲಿ ಕೊಸೆಲ್ ಅವರು ಎಲ್ಲ ಕೋಶಗಳಿಗೂ ಅವಶ್ಯವಾದ ಮುಖ್ಯದ್ರವ್ಯಗಳನ್ನೂ ಅಲ್ಲಲ್ಲಿ ಮಾತ್ರ ಕಾಣುವ ಗೌಣದ್ರವ್ಯಗಳನ್ನೂ ವಿಂಗಡಿಸಿದ ಮೇಲೆ, ಗೌಣವೆಂಬ ಮಾತಿಗೆ ನಿಷ್ಪ್ರಯೋಜಕವೆಂಬ ಅರ್ಥವು ಮೆಲ್ಲಮೆಲ್ಲನೆ ಅಂಟಿಕೊಂಡಿತು. ಫ್ಲೇವನಾಯ್ಡುಗಳು ಸಸ್ಯಜೀವನದ ಕಸವೆಂದು ಭಾವಿಸುವವರು ೨೦ನೆಯ ಶತಮಾನದ ಮಧ್ಯದವರೆಗೂ ಇದ್ದರು. ಈ ಭಾವನೆಯನ್ನು ೧೯೫೯ರಲ್ಲಿ ಫ್ರೆಂಕೆಲ್ ಅವರು ಒಂದು ಪ್ರಸಿದ್ಧ ಲೇಖನದಲ್ಲಿ ಪ್ರಬಲವಾಗಿ ಖಂಡಿಸಿದರು.

ಈ ಮಧ್ಯೆ ಎರಡು ಶೋಧನೆಗಳು ರಕ್ಷಾವಾದಕ್ಕೆ ಬಲಕೊಟ್ಟವು. ಮೊದಲನೆಯದು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಈರುಳ್ಳಿಯದು. ಅಲ್ಲಿ ಬಿಳಿ ಈರುಳ್ಳಿಗೆ ತಗಲುವ ಒಂದು ಬೂಷ್ಟು ಕೆಂಪು, ಹಳದಿ ಈರುಳ್ಳಿಗಳಿಗೆ ತಗಲುತ್ತಿರಲಿಲ್ಲ. ಬಣ್ಣದ ಈರುಳ್ಳಿಯ ಒಣಸಿಪ್ಪೆಯಲ್ಲಿರುವ ಪ್ರೋಟೋಕೆಟೆಕ್ಯುಯಿಕ್ ಆಮ್ಲವೂ ಕೆಟಿಕಾಲ್ ಎಂಬುದೂ ನೀರಿಗೆ ಇಳಿದು ಬೂಷ್ಟಿನ ಬೀಜಕಣಗಳನ್ನು ತಡೆಯುತ್ತವೆಂದು ವಾಕರ್ ಮತ್ತು ಲಿಂಕ್ ಅವರು ೧೯೨೯ರಿಂದ ೧೯೩೩ರ ಅವಧಿಯಲ್ಲಿ ನಿರ್ಧರಿಸಿದರು. ಸಿಪ್ಪೆಯನ್ನು ಸುಲಿದರೆ ಬಣ್ಣದ ಈರುಳ್ಳಿಯೂ ರೋಗಕ್ಕೆ ತುತ್ತಾಗುತ್ತಿತ್ತು. ಬಣ್ಣವೂ ರಕ್ಷೆಯೂ ಒಂದೇ ಸಿಪ್ಪೆಯಲ್ಲಿ ಜೊತೆಯಾಗಿ ಕಾಣಿಸಿಕೊಂಡ ಸ್ಪಷ್ಟವಾದ ಉದಾಹರಣೆ ಇದು.

ಎರಡನೆಯದು ಜರ್ಮನಿಯ ಆಲೂಗಡ್ಡೆಯದು. ೧೯೪೦ರಲ್ಲಿ ಮ್ಯೂಲರ್ ಮತ್ತು ಬರ್ಗರ್ ಅವರು ಗಡ್ಡೆಯ ಹೋಳಿನ ಮೇಲೆ ರೋಗವನ್ನುಂಟುಮಾಡಲಾರದ ಒಂದು ಬಗೆಯ ಫೈಟೊಫ್ತೊರ ಎಂಬ ರೋಗಕಾರಕವನ್ನು ಮೊದಲು ಹಚ್ಚಿದರು. ಅನಂತರ ಅದೇ ಜಾತಿಯ ಉಗ್ರವಾದ ಬಗೆಯನ್ನು ಹಚ್ಚಿದಾಗ, ಮೊದಲು ಹಚ್ಚಿದ ಜಾಗದಲ್ಲಿ ಅದು ಬೆಳೆಯಲಿಲ್ಲ. ಶತ್ರುವಿನ ಸ್ಪರ್ಶವಾದ ಮೇಲೆ ಜೀವಂತಕೋಶವು ಹೊಸದಾಗಿ ಯಾವುದೋ ತಡೆದ್ರವ್ಯವನ್ನು ತಯಾರಿಸುತ್ತದೆಂದು ಅವರು ಊಹಿಸಿ, ಅದಕ್ಕೆ ಫೈಟೊಅಲೆಕ್ಸಿನ್ ಎಂದು ಹೆಸರಿಟ್ಟರು. ಸಸ್ಯದ ನಿವಾರಕವೆಂದು ಅದರ ಅರ್ಥ. ಸಿಪ್ಪೆಯಲ್ಲಿ ಮೊದಲೇ ಇರುವ ಕವಚವು ಒಂದು ಬಗೆ, ಮುತ್ತಿಗೆಯಾದ ಮೇಲೆ ಮಸೆಯುವ ಕತ್ತಿಯು ಇನ್ನೊಂದು ಬಗೆ ಎಂಬ ವಿವೇಕವು ಇದರಿಂದ ಉಂಟಾಯಿತು. ಆಲೂಗಡ್ಡೆಯ ತಡೆದ್ರವ್ಯಗಳು ಫ್ಲೇವನಾಯ್ಡ್ ಕುಲಕ್ಕೆ ಸೇರಿದವಲ್ಲವೆಂದು ಮುಂದೆ ತಿಳಿದರೂ, ೧೯೬೦ರಲ್ಲಿ ಆಸ್ಟ್ರೇಲಿಯದ ಕ್ರುಕ್‌ಷ್ಯಾಂಕ್ ಮತ್ತು ಪೆರಿನ್ ಅವರು ಬಟಾಣಿಯ ಕಾಯಿಯಿಂದ ಬೇರ್ಪಡಿಸಿದ ಪಿಸಾಟಿನ್ ಎಂಬುದು ಐಸೊಫ್ಲೇವೋನಿನ ಶಾಖೆಯದೇ ಆಗಿದ್ದಿತು. ಕಡಲೆ, ಹುರುಳಿಕಾಯಿ, ಸೋಯಾ ಮೊದಲಾದ ದ್ವಿದಳಗಳಲ್ಲಿಯೂ ಇದೇ ಶಾಖೆಯ ತಡೆದ್ರವ್ಯಗಳು ಅನಂತರ ದೊರೆತುವು. ಮೆಂಡೆಲನು ಹೂವಿನ ಬಣ್ಣವನ್ನು ಎಣಿಸಿದ ಬಟಾಣಿಯಲ್ಲಿಯೇ ರಕ್ಷೆಯ ಫ್ಲೇವನಾಯ್ಡೂ ಸಿಕ್ಕಿತೆಂಬುದು ಗಮನಾರ್ಹ.

೬. ಕಿಣ್ವಗಳ ಶೋಧನೆ

ದ್ರವ್ಯಗಳು ತಿಳಿದುವು, ಪ್ರಯೋಜನವು ತಿಳಿಯಿತು. ಕಟ್ಟುವವರು ಯಾರೆಂಬುದು ಮಾತ್ರ ಉಳಿದಿತ್ತು. ೧೫ ಇಂಗಾಲಗಳ ಹಂದರವು ಎರಡು ಬೇರೆ ಮೂಲಗಳಿಂದ ಬಂದ ತುಂಡುಗಳ ಬೆಸುಗೆಯಾಗಿರಬೇಕೆಂದು ೧೯೫೩ರಲ್ಲಿ ಆಸ್ಟ್ರೇಲಿಯದ ಬರ್ಚ್ ಮತ್ತು ಡಾನೊವನ್ ಅವರು ಸೂಚಿಸಿದರು. ವಿಕಿರಣವುಳ್ಳ ಇಂಗಾಲವನ್ನು ಗಿಡಗಳಿಗೆ ಊಡಿಸಿ ಅದು ಎಲ್ಲಿ ಸೇರುವುದೆಂದು ನೋಡುವ ವಿಧಾನದಿಂದ, ೧೯೫೭ರ ಸುಮಾರಿಗೆ ಕೆನಡದಲ್ಲಿಯೂ ಜರ್ಮನಿಯಲ್ಲಿ ಗ್ರೀಸೆಬಾಖ್ ಅವರಿಂದಲೂ ಈ ಊಹೆಯು ದೃಢಪಟ್ಟಿತು. ಒಂದು ತುಂಡು ಒಂಬತ್ತು ಇಂಗಾಲಗಳದು. ಉಳಿದ ಆರು, ಎರಡೆರಡರಂತೆ ಮೂರು ಕಂತುಗಳಲ್ಲಿ ಬರುತ್ತವೆ.

ಒಂಬತ್ತು ಇಂಗಾಲಗಳ ತುಂಡು ಹುಟ್ಟುವುದು ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದಿಂದ. ಅದರಿಂದ ಅಮೋನಿಯವನ್ನು ಕಿತ್ತುಹಾಕುವ ಕಿಣ್ವವನ್ನು ೧೯೬೧ರಲ್ಲಿ ಕೂಕಲ್ ಮತ್ತು ಕಾನ್ ಅವರು ಬಾರ್ಲಿಯಿಂದ ಬೇರ್ಪಡಿಸಿದರು. ಈ ಕಿಣ್ವಕ್ಕಿರುವ ಮಹತ್ತ್ವವನ್ನು ಎಷ್ಟು ಹೇಳಿದರೂ ಕಡಮೆಯೇ. ಪ್ರೋಟೀನ್ ಕಟ್ಟುವುದಕ್ಕೆ ಮೀಸಲಾದ ವಸ್ತುವನ್ನು ಬಣ್ಣ, ಮರದ ಗಟ್ಟಿತನ, ಕಂಪು, ಒಗರು, ರಕ್ಷೆ ಇವುಗಳ ಕಡೆಗೆ ತಿರುಗಿಸುವ ತೂಬು ಇದು.

ಎರಡು ತುಂಡುಗಳನ್ನು ಬೆಸೆಯುವ ಮುಖ್ಯ ಕಿಣ್ವವು ಇನ್ನೂ ಕೈಗೆ ಸಿಕ್ಕಿರಲಿಲ್ಲ. ವಿಚಿತ್ರವೆಂದರೆ ಅದರ ಮುಂದಿನ ಹೆಜ್ಜೆಯ ಕಿಣ್ವವು, ಎಂದರೆ ಚಾಲ್ಕೋನಿನ ತೆರೆದ ಕೊಂಡಿಯನ್ನು ಮುಚ್ಚಿ ಬಳೆಯನ್ನಾಗಿ ಮಾಡುವ ಐಸೊಮರೇಸ್, ೧೯೬೭ರಲ್ಲಿಯೇ ಸೋಯಾ ಬೀಜದಿಂದ ಶುದ್ಧಿಹೊಂದಿತು. ಹಿಂದಿನದು ದೊರೆತುದು ೧೯೭೨ರಲ್ಲಿ, ಫ್ರೈಬುರ್ಗ್ ನಗರದ ಪ್ರಯೋಗಶಾಲೆಯಲ್ಲಿ. ಅಲ್ಲಿ ಕೊತ್ತಂಬರಿಯ ಬಳಗದ ಪಾರ್ಸ್ಲಿ ಎಂಬ ಸೊಪ್ಪಿನ ಕೋಶಗಳನ್ನು ಸೀಸೆಗಳಲ್ಲಿ ಬೆಳೆಸುತ್ತಿದ್ದರು; ಕತ್ತಲೆಯಲ್ಲಿದ್ದ ಕೋಶಗಳಿಗೆ ಬೆಳಕು ತೋರಿಸಿದೊಡನೆ ಅವು ಫ್ಲೇವನಾಯ್ಡುಗಳನ್ನು ಕಟ್ಟತೊಡಗುತ್ತಿದ್ದ ಕಾರಣ ಕಿಣ್ವವನ್ನು ಹಿಡಿಯುವುದಕ್ಕೆ ಅನುಕೂಲವಾಯಿತು. ಕ್ರೊಯ್ಟ್ಸಾಲರ್ ಮತ್ತು ಹಾಲ್ಬ್ರೊಕ್ ಅವರು ಕೋಶಗಳ ಸಾರದಲ್ಲಿ ಆ ಬೆಸುಗೆಯು ನಡೆಯುವುದನ್ನು ತೋರಿಸಿದರು. ಮುಚ್ಚಿದ ಬಳೆಯ ದ್ರವ್ಯವೇ ಅವರಿಗೆ ಕಂಡುದರಿಂದ ಆ ಕಿಣ್ವಕ್ಕೆ ಫ್ಲೇವನೋನ್ ಸಿಂಥೇಸ್ ಎಂದು ಮೊದಲು ಹೆಸರಾಯಿತು. ಕಿಣ್ವವನ್ನು ಚೆನ್ನಾಗಿ ಶುದ್ಧಿಗೊಳಿಸಿದ ಮೇಲೆ, ಅದು ಕಟ್ಟುವುದು ತೆರೆದ ಕೊಂಡಿಯ ಚಾಲ್ಕೋನನ್ನೇ, ಬಳೆಯು ಆಮೇಲೆ ಮುಚ್ಚಿಕೊಳ್ಳುತ್ತದೆಂದು ೧೯೮೦ರಲ್ಲಿ ಸಿದ್ಧವಾಗಿ, ಚಾಲ್ಕೋನ್ ಸಿಂಥೇಸ್ ಎಂಬ ಈಗಿನ ಹೆಸರು ನಿಂತಿತು.

ಇದೇ ಪಾರ್ಸ್ಲಿಯ ಕೋಶಗಳು ಬಣ್ಣಕ್ಕೂ ರಕ್ಷೆಗೂ ಇರುವ ನಂಟನ್ನು ಪ್ರತ್ಯಕ್ಷವಾಗಿ ತೋರಿಸಿಕೊಟ್ಟವು. ಬೆಳಕು ಬಿದ್ದರೆ ಅವು ಫ್ಲೇವನಾಯ್ಡುಗಳನ್ನು ಕಟ್ಟುತ್ತವೆ. ಬೆಳಕಿಗೆ ಬದಲಾಗಿ ಫೈಟೊಫ್ತೊರದ ಕೋಶಭಿತ್ತಿಯ ಚೂರುಗಳನ್ನು ಸೇರಿಸಿದರೆ, ಅವೇ ಕೋಶಗಳು ಫ್ಯೂರನೊಕೂಮರಿನ್ ಎಂಬ ತಡೆದ್ರವ್ಯಗಳನ್ನು ಕಟ್ಟುತ್ತವೆ. ಆಯುರ್ವೇದದಲ್ಲಿ ಶ್ವಿತ್ರಕ್ಕೆ ಮದ್ದಾಗಿ ಬಳಸುವ ಬಾಕುಚಿಯ ಸೊರಾಲೆನ್ ಈ ಜಾತಿಯದು. ಎರಡು ಸಂದರ್ಭಗಳಲ್ಲಿಯೂ ಮೊದಲು ತೆರೆಯುವ ತೂಬು ೧೯೬೧ರಲ್ಲಿ ಕಂಡ ಆ ಕಿಣ್ವವೇ. ಅಲ್ಲಿಂದ ಮುಂದೆ ಕವಲುಗಳು ಬೇರೆ. ಯಾವ ಅಪಾಯವು ಬಂದಿದೆಯೋ ಅದಕ್ಕೆ ತಕ್ಕ ಕವಲಿಗೆ ಗಿಡವು ನೀರನ್ನು ಹಾಯಿಸುತ್ತದೆ.

ದ್ರಾಕ್ಷಿಯ ಉದಾಹರಣೆಯು ಇನ್ನೂ ಸೂಕ್ಷ್ಮವಾದುದು. ಅದರಲ್ಲಿ ಚಾಲ್ಕೋನ್ ಸಿಂಥೇಸಿನ ದಾಯಾದಿಯೊಂದು ಅದೇ ಸಾಮಗ್ರಿಗಳನ್ನು ತೆಗೆದುಕೊಂಡು, ಕೊನೆಯ ಮಡಿಕೆಯನ್ನು ಮಾತ್ರ ಬೇರೆ ರೀತಿಯಲ್ಲಿ ಮಡಿಸಿ ರೆಸ್ವೆರಟ್ರಾಲ್ ಎಂಬ ತಡೆದ್ರವ್ಯವನ್ನು ಕಟ್ಟುತ್ತದೆ. ಆ ದಾಯಾದಿಯ ಜೀನನ್ನು ಹೊಗೆಸೊಪ್ಪಿಗೆ ಸೇರಿಸಿದಾಗ ಬೂದುಬಣ್ಣದ ಒಂದು ಬೂಷ್ಟುರೋಗಕ್ಕೆ ಅದು ಹೆಚ್ಚು ಪ್ರತಿರೋಧವನ್ನು ತೋರಿಸಿತೆಂದು ೧೯೯೩ರಲ್ಲಿ ಪ್ರಕಟವಾಯಿತು. ೧೯೯೯ರಲ್ಲಿ ಕುದುರೆಮಸಾಲೆ ಸೊಪ್ಪಿನ ಚಾಲ್ಕೋನ್ ಸಿಂಥೇಸಿನ ಸ್ಫಟಿಕರಚನೆಯು ತಿಳಿದಾಗ, ಅದರ ಮೈಕಟ್ಟು ಜಿಡ್ಡಿನ ಆಮ್ಲಗಳನ್ನು ಕಟ್ಟುವ ಅತಿ ಪುರಾತನ ಕಿಣ್ವಗಳ ಮೈಕಟ್ಟನ್ನು ಹೋಲುತ್ತದೆಂದು ಕಂಡುಬಂದಿತು. ಪ್ರಕೃತಿಯು ಹಳೆಯ ಸಲಕರಣೆಯನ್ನೇ ತಿದ್ದಿ ಹೊಸ ಕೆಲಸಕ್ಕೆ ಹೂಡಿದೆ.

೭. ಬಿಳಿಯ ಹೂಗಳ ಸಾಕ್ಷ್ಯ

ಕಿಣ್ವಗಳು ಕೈಗೆ ಬಂದಮೇಲೆ ತೋಟದ ಹಳೆಯ ಪ್ರಶ್ನೆಗಳನ್ನು ಪುನಃ ಕೇಳುವುದು ಸಾಧ್ಯವಾಯಿತು. ಮೂರು ಬಿಳಿಯ ಹೂಗಳು ಮೂರು ಬಗೆಯ ಉತ್ತರಗಳನ್ನು ಕೊಟ್ಟವು.

ಮೊದಲನೆಯದು ಸ್ನ್ಯಾಪ್‌ಡ್ರಾಗನ್. ಹಿಮದಂಥದು ಎಂಬರ್ಥದ ನೀವಿಯಾ ಎಂಬ ಹೆಸರಿನ ಅದರ ಅಚ್ಚ ಬಿಳಿಯ ತಳಿಯಲ್ಲಿ ಚಾಲ್ಕೋನ್ ಸಿಂಥೇಸಿನ ಕಾರ್ಯವೇ ಇಲ್ಲವೆಂದು ೧೯೮೨ರಲ್ಲಿ ಜರ್ಮನಿಯಲ್ಲಿ ನಿರ್ಧಾರವಾಯಿತು. ಬಿಳಿಯ ಹೂವಿನಲ್ಲಿ ವರ್ಣದ ಮೂಲದ್ರವ್ಯವೇ ಇಲ್ಲವೆಂದು ವೆಲ್ಡೇಲ್ ಅವರು ಎಣಿಕೆಯಿಂದ ಊಹಿಸಿದುದಕ್ಕೆ, ಸುಮಾರು ಮುಕ್ಕಾಲು ಶತಮಾನದ ತರುವಾಯ, ಅದೇ ಗಿಡದಲ್ಲಿ ಕಾರಣವು ದೊರೆಯಿತು.

ಎರಡನೆಯದು ಪೆಟೂನಿಯ. ಅದರ ನೇರಿಳೆ ಬಣ್ಣವನ್ನು ಗಾಢಗೊಳಿಸಬೇಕೆಂದು ಅಮೆರಿಕದಲ್ಲಿ ನಪೋಲಿ, ಲೆಮ್ಯೂ, ಜಾರ್ಗನ್ಸನ್ ಎಂಬವರು ಚಾಲ್ಕೋನ್ ಸಿಂಥೇಸಿನ ಜೀನಿನ ಇನ್ನೊಂದು ಪ್ರತಿಯನ್ನು ಗಿಡಕ್ಕೆ ಸೇರಿಸಿದರು. ಗಾಢವಾಗುವ ಬದಲು ಅನೇಕ ಗಿಡಗಳು ಬಿಳಿಯ ಇಲ್ಲವೆ ಪಟ್ಟೆಪಟ್ಟೆಯ ಹೂಗಳನ್ನು ಬಿಟ್ಟವು. ಹೊಸ ಪ್ರತಿಯು ತಾನೂ ಮೌನವಾಗಿ ಹಳೆಯದನ್ನೂ ಮೌನಗೊಳಿಸಿದ್ದಿತು. ೧೯೯೦ರಲ್ಲಿ ಇದೂ, ಇದೇ ಬಗೆಯ ಆಮ್‌ಸ್ಟರ್‌ಡ್ಯಾಮಿನ ಪ್ರಯೋಗವೂ ಪ್ರಕಟವಾದಾಗ ಕಾರಣವು ಗೂಢವಾಗಿತ್ತು. ೧೯೯೮ರಲ್ಲಿ ಫೈರ್ ಮತ್ತು ಮೆಲೊ ಅವರು ಒಂದು ಸಣ್ಣ ಹುಳುವಿನಲ್ಲಿ ಎರಡೆಳೆಯ ಆರ್‌ಎನ್‌ಎಯಿಂದ ಜೀನುಗಳು ಮೌನವಾಗುವುದನ್ನು ತೋರಿಸಿದ ಮೇಲೆ ಅದು ತಿಳಿಯಾಯಿತು. ಆ ಕಾರ್ಯಕ್ಕೆ ೨೦೦೬ರಲ್ಲಿ ನೊಬೆಲ್ ಬಹುಮಾನವು ಸಂದಿತು.

ಮೂರನೆಯದು ಮೆಂಡೆಲನ ಬಟಾಣಿ. ಅದರ ಬಿಳಿಯ ಹೂವಿನಲ್ಲಿ ದೋಷವಿರುವುದು ಕಿಣ್ವಗಳನ್ನು ನಿರ್ದೇಶಿಸುವ ಜೀನುಗಳಲ್ಲಿಯಲ್ಲ, ಆ ಜೀನುಗಳಿಗೆ ಅಪ್ಪಣೆಕೊಡುವ ಒಂದು ಪ್ರೋಟೀನಿನಲ್ಲಿ ಎಂದು ೨೦೧೦ರಲ್ಲಿ ತಿಳಿದುಬಂದಿತು. ಕೆಲಸಗಾರರಿದ್ದರೂ ಮೇಸ್ತ್ರಿಯಿಲ್ಲದ ಮನೆಯಂತೆ ಆ ಹೂವು ಬರಿದಾಗಿದೆ.

ಇನ್ನು ಉಳಿದುದು ೧೯೧೪ರ ಉತ್ಕರ್ಷಣ-ಅಪಕರ್ಷಣಗಳ ವಿವಾದ. ರಚನಾಪರಂಪರೆಯ ಕೊನೆಯ ಹೆಜ್ಜೆಗಳು ಬಿಡಿಬಿಡಿಯಾಗಿ ತಿಳಿದ ಮೇಲೆ, ಆಂಥೊಸಯನಿನ್ನಿನ ಹಾದಿಯಲ್ಲಿ ಎರಡು ಕ್ರಿಯೆಗಳೂ ಇರುವುದು ಸ್ಪಷ್ಟವಾಯಿತು. ಮೊದಲು ಒಂದು ಕಿಣ್ವವು ಅಪಕರ್ಷಣವನ್ನು ನಡೆಸುತ್ತದೆ. ಅದರಿಂದ ಬಣ್ಣವಿಲ್ಲದ ಒಂದು ದ್ರವ್ಯವು ಹುಟ್ಟುತ್ತದೆ. ಅನಂತರ ಇನ್ನೊಂದು ಕಿಣ್ವವು ಆ ವರ್ಣಹೀನ ದ್ರವ್ಯಕ್ಕೆ ಉತ್ಕರ್ಷಣವನ್ನುಂಟುಮಾಡಿ ಬಣ್ಣವನ್ನು ತರುತ್ತದೆ. ಈ ಎರಡನೆಯ ಕಿಣ್ವದ ಕಾರ್ಯವನ್ನು ೧೯೯೯ರಲ್ಲಿ ಜಪಾನಿನ ಸೈತೋ ಅವರೂ ಸಂಗಡಿಗರೂ ನೇರವಾಗಿ ತೋರಿಸಿಕೊಟ್ಟರು. ಎವರೆಸ್ಟ್ ಅವರು ಸೀಸೆಯಲ್ಲಿ ಬಳಸಿದ ಫ್ಲೇವೊನಾಲುಗಳು ಗಿಡದಲ್ಲಿ ಆಂಥೊಸಯನಿನ್ನಿಗೆ ತಾಯಿಯಲ್ಲ, ಬಳಿಯ ಕವಲಿನ ಸೋದರಿಯರು. ಹೀಗೆ ಬಣ್ಣವಿಲ್ಲದುದು ಕಿಣ್ವದಿಂದ ಉತ್ಕರ್ಷಣವನ್ನು ಹೊಂದಿ ಬಣ್ಣವಾಗುತ್ತದೆಂಬ ವೆಲ್ಡೇಲ್ ಅವರ ಮಾತು, ಅವರು ಎಣಿಸಿದ ದ್ರವ್ಯದಲ್ಲಲ್ಲದಿದ್ದರೂ, ಕೊನೆಯ ಹೆಜ್ಜೆಯಲ್ಲಿ ಅಕ್ಷರಶಃ ನಿಜವಾಯಿತು.

೮. ಉಪಸಂಹಾರ

ಮೇಲೆ ನಿರೂಪಿಸಿದುದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಗೌಣವೆಂದು ಹೆಸರಾದ ದ್ರವ್ಯಗಳು ಸಸ್ಯಜೀವನದಲ್ಲಿ ಗೌಣವಲ್ಲ. ಚಾಲ್ಕೋನ್ ಸಿಂಥೇಸ್ ಇಲ್ಲದ ಅರಾಬಿಡಾಪ್ಸಿಸ್ ಎಂಬ ಸಣ್ಣ ಗಿಡವು ಅತಿನೇರಿಳೆ ಕಿರಣಗಳಿಗೆ ಬೇಗ ಬಾಡುತ್ತದೆಂದು ೧೯೯೩ರಲ್ಲಿ ಕಂಡುಬಂದಿದೆ. ಶೆವ್ರಲನು ಬಟ್ಟೆಗೆ ಬಣ್ಣಕಟ್ಟುವ ಗಿಡದಿಂದ ತೆಗೆದ ಲೂಟಿಯೊಲಿನ್ನೇ ಕುದುರೆಮಸಾಲೆಯ ಬೀಜದಿಂದ ಒಸರಿ, ಅದರ ಬೇರಿನ ಗಂಟುಗಳಲ್ಲಿ ನೆಲೆಸುವ ಮಿತ್ರಜೀವಿಗಳನ್ನು ಎಚ್ಚರಿಸುವ ಕರೆಯೂ ಆಗಿದೆಯೆಂದು ೧೯೮೬ರಲ್ಲಿ ತಿಳಿದಿದೆ. ಶತ್ರುವನ್ನು ತಡೆಯುವ ಮನೆತನವೇ ಮಿತ್ರನನ್ನು ಕರೆಯುವುದನ್ನೂ ಬಲ್ಲದು.

ಎರಡನೆಯದಾಗಿ, ಶಾಸ್ತ್ರದ ಇತಿಹಾಸದಲ್ಲಿ ಉತ್ತರಗಳ ಗೆಲುವು ಸೋಲುಗಳನ್ನು ಮಾತ್ರ ಎಣಿಸಿದರೆ ನ್ಯಾಯವಾಗುವುದಿಲ್ಲ. ವಿಲ್‌ಷ್ಟೆಟರ್ ಅವರ ಪಕ್ಷವು ದ್ರವ್ಯವನ್ನು ಕಂಡಿತು. ರೋಗಶಾಸ್ತ್ರಜ್ಞರು ಪ್ರಯೋಜನವನ್ನು ಕಂಡರು. ಈ ಎರಡನ್ನೂ ಸೇರಿಸುವ ಕೊಂಡಿಯು ಕಿಣ್ವವೆಂದೂ, ಕಿಣ್ವಕ್ಕೆ ಒಡೆಯನು ಗುಣಕಾರಕವೆಂದೂ ಗ್ರಹಿಸಿ, ತೋಟದ ಎಣಿಕೆಯನ್ನೂ ಪ್ರಯೋಗಶಾಲೆಯ ಪರೀಕ್ಷೆಯನ್ನೂ ಒಂದೇ ಹೂವಿನ ಮೇಲೆ ಹೂಡಿದ ಕೀರ್ತಿಯು ವೆಲ್ಡೇಲ್ ಅವರಿಗೆ ಸಲ್ಲಬೇಕಾದುದು. ಬಣ್ಣಕ್ಕೂ ರಕ್ಷೆಗೂ ಇರುವ ನಂಟನ್ನು ಕಾಣುವುದಕ್ಕೆ ಮುಂದಿನವರಿಗೆ ಬೇಕಾದ ಕೀಲಿಕೈ ಆ ಪ್ರಶ್ನೆಯಲ್ಲಿಯೇ ಇದ್ದಿತು.